ಮಗ ಅಥವಾ ಮಗಳಿಗೆ ರೈಫಲ್ ಗಿಫ್ಟ್ ಕೊಡಿಸ್ಬೇಕು ಅಂತಿದ್ದೀರಾ? ದುಡ್ಡು ಕೊಡೋ ಮುಂಚೆ ಇದನ್ನ ಪೂರ್ತಿ ಓದ್ಬಿಡಿ

ದಸರಾ ಎಕ್ಸಿಬಿಷನ್‌ಗೆ ಹೋಗಿ ಬಂದ ಮೇಲೆ ಮೈಸೂರಿನ ಎಷ್ಟೋ ಮನೇಲಿ ಈ ಹಟ ಶುರುವಾಗತ್ತೆ. ಬಲೂನ್ ಹೊಡಿಯೋ ಅಂಗಡಿ ಮುಂದೆ ನಿಂತು ನಾಲ್ಕು ಬಲೂನ್ ಒಡೆದ ಮಗು ಮನೆಗೆ ಬಂದು ನಂಗೂ ಒಂದು ಗನ್ ಬೇಕು ಅಂತ ಕೂರತ್ತೆ, ಅಪ್ಪ ಆಯ್ತು ಬರ್ತ್‌ಡೇಗೆ ಕೊಡಿಸ್ತೀನಿ ಅಂತ ಬಾಯಿ ತಪ್ಪಿ ಅಂದಿರ್ತಾರೆ, ಅಮ್ಮ ಅಪ್ಪನ್ನ ಕೆಕ್ಕರಿಸಿ ನೋಡ್ತಿರ್ತಾರೆ, ರಾತ್ರಿ ಎಲ್ಲಾ ಮಲಗಿದ ಮೇಲೆ ಅಪ್ಪ ಫೋನಲ್ಲಿ ಯಾವ ರೈಫಲ್ ಒಳ್ಳೇದು ಅಂತ ಹುಡುಕ್ತಾ ಕೂತಿರ್ತಾರೆ.

ಹುಡುಕಿದ್ರೆ ಮೊದಲು ಸಿಗೋದು ಅಮೆರಿಕದವರ ವಿಡಿಯೋ. ಅಲ್ಲಿ ಹನ್ನೆರಡು ವರ್ಷದ ಮಗನ್ನ ಜಿಂಕೆ ಬೇಟೆಗೆ ಕರ್ಕೊಂಡು ಹೋಗೋದು, ಅವನಿಗೆ ಅಂತ .243 ಕ್ಯಾಲಿಬರ್ ರೈಫಲ್ ತಗೊಳೋದು ಎಲ್ಲಾ ಮಾಮೂಲಿ. ನಮ್ಮಲ್ಲಿ ಆ ದಾರಿನೇ ಇಲ್ಲ. ನಮ್ಮ ಮಕ್ಕಳಿಗೆ ಕೊಡಿಸೋಕೆ ಆಗೋದು, ಕೊಡಿಸ್ಬೇಕಾದ್ದು ಒಂದೇ, 4.5 ಮಿ.ಮೀ. ಏರ್ ರೈಫಲ್. ಅದೂ 10 ಮೀಟರ್ ದೂರದ ಪೇಪರ್ ಟಾರ್ಗೆಟ್ ಹೊಡಿಯೋಕೆ. ಅಷ್ಟೇನಾ ಅನ್ಬೇಡಿ, 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ ಇವೆಂಟಲ್ಲಿ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದಿದ್ದೂ ಇದರಲ್ಲೇ.

ಹೆಜ್ಜೆ 1: ಕಾನೂನು ಮೊದಲು ತಿಳ್ಕೊಳ್ಳಿ

ಶೂಟಿಂಗ್ ರೇಂಜಿಗೆ ಮಂಡ್ಯ ಕಡೆಯಿಂದ ಒಬ್ರು ಬಂದಿದ್ರು, ಕಬ್ಬು ಬೆಳೆಯೋರು, ಜೊತೇಲಿ ಏಳನೇ ಕ್ಲಾಸಿನ ಮಗ. "ಸಾ, ಮಗೀಗೆ ಒಂದ್ ಗನ್ನು ಕೊಡ್ಸವ ಅಂತ, ಅಂಗೇ ಗದ್ದೆಗೆ ಹಂದಿ ಗಿಂದಿ ಬಂದ್ರೆ ಹೊಡಿಯಕ್ಕೂ ಆಯ್ತದಲ್ವಾ" ಅಂದ್ರು. ಅಣ್ಣ, ಮೊದಲನೇದು ಮಾತ್ರ ಆಗತ್ತೆ, ಎರಡನೇದು ಮಾಡಿದ್ರೆ ನೀವು ಸ್ಟೇಷನ್‌ನಲ್ಲಿ ಕೂರ್ತೀರ, ನಿಮ್ಮ ಜೊತೆ ಈ ಹುಡುಗನೂ ಕೂರ್ಬೇಕಾಗತ್ತೆ ಅಂತ ನೇರವಾಗೇ ಹೇಳ್ದೆ.

ವಿಷಯ ಏನಂದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ನಿಷೇಧ. ಬೇಟೆ ಅಂದ್ರೆ ಹುಲಿ ಆನೆ ಹೊಡಿಯೋದು ಅಂತ ನಾವು ಅಂದ್ಕೊಂಡಿರ್ತೀವಿ, ಕಾಯ್ದೆಯಲ್ಲಿ ಹೊಡಿಯೋಕೆ ಪ್ರಯತ್ನ ಪಡೋದು, ಹಿಡಿಯೋದು, ಹಕ್ಕಿ ಗೂಡು ಮೊಟ್ಟೆಗೆ ಕೈ ಹಾಕೋದು ಎಲ್ಲಾ ಬೇಟೆ ಲೆಕ್ಕಕ್ಕೇ ಬರತ್ತೆ. ತೋಟದಲ್ಲಿ ಕೂತಿರೋ ಬೆಳವ, ಗಿಳಿ, ಗೊರವಂಕ ಎಲ್ಲಾ ರಕ್ಷಿತ ಪಟ್ಟಿಯಲ್ಲಿವೆ, ನವಿಲಂತೂ ಮೊದಲನೇ ಶೆಡ್ಯೂಲ್ ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ, ಜೈಲು ಗ್ಯಾರಂಟಿ ಅನ್ನೋ ಥರದ್ದು. ಹಂದಿ ಕಾಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಬೆಳೆ ಪರಿಹಾರ ಕೇಳೋದು ದಾರಿ, ಅದು ನಿಧಾನ ನಿಜ, ಆದ್ರೂ ದಾರಿ ಅದೇ. ಇನ್ನೊಂದು, ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಕೊಕ್ಕರೆಗಳನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತ ಊರೋರೇ ನೋಡ್ಕೋತಾರೆ, ಅಂಥ ಜಿಲ್ಲೆಯ ಹುಡುಗನ ಕೈಗೆ ಗನ್ ಕೊಟ್ಟು ಹಕ್ಕಿ ತೋರಿಸೋದು ಸರಿನಾ ನೀವೇ ಹೇಳಿ.

"ಕೊಡಗಲ್ಲಿ ಎಲ್ಲರ ಮನೇಲೂ ಕೋವಿ ಇರತ್ತಲ್ಲ" ಅಂತ ಕೇಳೇ ಕೇಳ್ತಾರೆ. ಅಲ್ಲಿನ ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನು ಇರೋರಿಗೂ ಆಯುಧ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿದೆ. ಅದು ಕೋವಿ ಇಟ್ಕೊಳೋಕೆ ಕೊಟ್ಟಿರೋ ವಿನಾಯಿತಿ, ಬೇಟೆ ಆಡೋಕಲ್ಲ. ಮೈಸೂರು ಮಂಡ್ಯದಲ್ಲಿರೋ ನಮಗಂತೂ ಅದು ಅನ್ವಯಿಸೋದೇ ಇಲ್ಲ.

ಇನ್ನು ರೈಫಲ್ ವಿಷಯ. ಮದ್ದು ಗುಂಡು ಹಾಕೋ ಬಂದೂಕಿಗೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, 21 ವರ್ಷ ತುಂಬಿರ್ಬೇಕು, ಅಂದ್ರೆ ಮಕ್ಕಳ ಹೆಸರಲ್ಲಿ ತಗೊಳೋ ಮಾತೇ ಇಲ್ಲ. ಏರ್ ರೈಫಲ್‌ಗೆ ಮಾತ್ರ 2016ರ ಆಯುಧ ನಿಯಮಗಳಲ್ಲಿ ಒಂದು ಗೆರೆ ಹಾಕಿದ್ದಾರೆ, ಬೋರ್ (ನಳಿಗೆ ತೂತಿನ ಅಗಲ) 0.177 ಇಂಚು ಅಂದ್ರೆ 4.5 ಮಿ.ಮೀ. ದಾಟಬಾರದು, ಹೊಡೆತದ ಶಕ್ತಿ 20 ಜೌಲ್ ದಾಟಬಾರದು. ಇದರೊಳಗಿದ್ರೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ದಾಟಿದ್ರೂ ಲೈಸೆನ್ಸ್ ಬೇಕು. ಅದಕ್ಕೇ ಅಂಗಡಿಯವರು ".22 ತಗೊಳ್ಳಿ ಸಾರ್, ಪವರ್ ಜಾಸ್ತಿ" ಅಂದ್ರೆ ಕೈ ಮುಗಿದು ಬನ್ನಿ. ಒಲಿಂಪಿಕ್ಸ್‌ನ 10 ಮೀಟರ್ ಇವೆಂಟ್ ನಡೆಯೋದೂ 4.5 ಮಿ.ಮೀ.ನಲ್ಲೇ, ಒಳ್ಳೇ ಮ್ಯಾಚ್ ರೈಫಲ್‌ಗಳ ಶಕ್ತಿ 8 ಜೌಲ್ ಆಸುಪಾಸು ಅಷ್ಟೇ. ಪವರ್ ಜಾಸ್ತಿ ಇರೋದು ಕಾಗದ ತೂತು ಮಾಡೋಕೆ ಏನೂ ಉಪಯೋಗ ಇಲ್ಲ.

ಬಿಲ್ ದೊಡ್ಡೋರ ಹೆಸರಲ್ಲಿ ಮಾಡ್ಸಿ, ಐಡಿ ಪ್ರೂಫ್ ಕೊಟ್ಟು, ಸೀರಿಯಲ್ ನಂಬರ್ ಬಿಲ್ಲಲ್ಲಿ ಬರೆದಿದ್ದಾರಾ ನೋಡಿ ತಗೊಳ್ಳಿ. ಬಿಲ್ ಇಲ್ದೆ ಕಡಿಮೆಗೆ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಬೇಡವೇ ಬೇಡ.

ಹೆಜ್ಜೆ 2: ಅಂಗಡಿಗಿಂತ ಮುಂಚೆ ರೇಂಜಿಗೆ ಹೋಗಿ

ಇದನ್ನ ಎಷ್ಟು ಹೇಳಿದ್ರೂ ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ. ರೈಫಲ್ ಕೊನೇಲಿ ತಗೊಳೋ ವಸ್ತು. ಮೊದಲು ಮಗುನ ಹತ್ತಿರದ ಶೂಟಿಂಗ್ ರೇಂಜ್ ಅಥವಾ ಅಕಾಡೆಮಿಗೆ ಎರಡು ಮೂರು ತಿಂಗಳು ಸೇರಿಸಿ. ಅಲ್ಲಿ ಕ್ಲಬ್ ರೈಫಲ್ ಇರತ್ತೆ, ಅದರಲ್ಲೇ ಕಲೀಲಿ. ಶೂಟಿಂಗ್ ಅಂದ್ರೆ ಸಿನಿಮಾ ಥರ ಢಂ ಢಂ ಅಂದ್ಕೊಂಡು ಬಂದ ಮಕ್ಕಳಿಗೆ ಎರಡನೇ ವಾರಕ್ಕೇ ಬೇಜಾರು ಬರತ್ತೆ, ಯಾಕಂದ್ರೆ ಇಲ್ಲಿ ಮಾಡೋದೆಲ್ಲಾ ಅಲ್ಲಾಡದೆ ನಿಂತ್ಕೊಳೋದು, ಉಸಿರು ಬಿಡೋದು, ನಿಧಾನಕ್ಕೆ ಟ್ರಿಗರ್ ಒತ್ತೋದು, ಮತ್ತೆ ಅದನ್ನೇ ಮಾಡೋದು. ದೊಡ್ಡೋರ ಮ್ಯಾಚಲ್ಲಿ 75 ನಿಮಿಷದಲ್ಲಿ 60 ಶಾಟ್ ನಿಂತ್ಕೊಂಡೇ ಹೊಡೀಬೇಕು. ಟಾರ್ಗೆಟ್ಟಿನ ಹತ್ತು ಅನ್ನೋ ಚುಕ್ಕೆ ಎಷ್ಟು ದೊಡ್ಡದು ಗೊತ್ತಾ, ಅರ್ಧ ಮಿಲಿಮೀಟರ್! ಪೆನ್ನಲ್ಲಿ ಇಟ್ಟ ಚುಕ್ಕೆಗಿಂತ ಚಿಕ್ಕದು, ಅದೂ ಹತ್ತು ಮೀಟರ್ ದೂರದಲ್ಲಿ. ಇದು ಇಷ್ಟ ಆಗೋ ಮಕ್ಕಳಿಗೆ ತುಂಬಾ ಇಷ್ಟ ಆಗತ್ತೆ, ಆಗದೇ ಇರೋರಿಗೆ ಲಕ್ಷದ ರೈಫಲ್ ಕೊಡಿಸಿದ್ರೂ ಆಗಲ್ಲ.

ಇನ್ನೊಂದು ಲಾಭ, ಕೋಚ್ ನಿಮ್ಮ ಮಗು ನಿಲ್ಲೋ ರೀತಿ ನೋಡಿರ್ತಾರೆ. ಯಾವ ಸೈಜು, ಯಾವ ಕೈ, ಎಷ್ಟು ತೂಕ ಅಂತ ಅವರಿಗೆ ಗೊತ್ತಿರತ್ತೆ. ಮುಂದೆ ಕಾಂಪಿಟಿಷನ್ ಅಂತ ಹೋದ್ರೆ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್, ಅದರ ಮೇಲೆ ದೇಶದ ಮಟ್ಟದ ರೈಫಲ್ ಅಸೋಸಿಯೇಷನ್ ಆದ ಎನ್‌ಆರ್‌ಎಐ, ಹೀಗೆ ರಾಜ್ಯ, ಸೌತ್ ಜೋನ್, ನ್ಯಾಷನಲ್ ಅಂತ ಮೆಟ್ಟಿಲು ಇದೆ, ಆ ಪೇಪರ್ ಕೆಲಸನೂ ಕ್ಲಬ್ ಮೂಲಕವೇ ಸುಲಭ. ಎನ್‌ಸಿಸಿಗೆ ಸೇರಿರೋ ಮಕ್ಕಳಿಗೆ ಅಲ್ಲೇ ಅವರ ರೈಫಲ್ಲಲ್ಲೇ .22 ಫೈರಿಂಗ್ ಸಿಗತ್ತೆ, ಅದೂ ಆಸಕ್ತಿ ಇದೆಯಾ ಇಲ್ವಾ ಅಂತ ನೋಡೋಕೆ ಪುಕ್ಕಟೆ ಪರೀಕ್ಷೆ.

ಹೆಜ್ಜೆ 3: ಯಾವ ಕಣ್ಣು ಜೋರು ಅಂತ ನೋಡಿ

ಎಲ್ಲರಿಗೂ ಒಂದು ಕಣ್ಣು ಯಜಮಾನ ಕಣ್ಣು ಇರತ್ತೆ. ಬಲಗೈ ಮಕ್ಕಳಿಗೆ ಬಲಗಣ್ಣೇ ಜೋರಿರಬೇಕು ಅಂತೇನಿಲ್ಲ. ಟೆಸ್ಟ್ ಸುಲಭ: ಎರಡೂ ಕೈ ಮುಂದೆ ಚಾಚಿಸಿ, ಎರಡು ಅಂಗೈ ಸೇರಿಸಿ ಮಧ್ಯೆ ಸಣ್ಣ ತೂತು ಮಾಡಿಸಿ, ಆ ತೂತಿಂದ ಎರಡೂ ಕಣ್ಣು ಬಿಟ್ಕೊಂಡು ಗೋಡೆ ಗಡಿಯಾರ ನೋಡೋಕೆ ಹೇಳಿ. ಈಗ ಎಡಗಣ್ಣು ಮುಚ್ಚಲಿ. ಗಡಿಯಾರ ಇನ್ನೂ ಕಾಣ್ತಿದ್ರೆ ಬಲಗಣ್ಣು ಜೋರು, ಮಾಯ ಆದ್ರೆ ಎಡಗಣ್ಣು. ಮೂರ್ನಾಲ್ಕು ಸಲ ಮಾಡ್ಸಿ, ಒಂದೇ ಸಲಕ್ಕೆ ತೀರ್ಮಾನ ಬೇಡ.

ಕೈ ಬಲ, ಕಣ್ಣು ಎಡ ಆಗಿದ್ರೆ ಗಾಬರಿ ಬೇಡ. ಚಿಕ್ಕ ಮಕ್ಕಳಾದ್ರೆ ಎಡಗಡೆಯಿಂದ ಹೊಡಿಯೋಕೆ ಕಲಿಸೋದು ಕಷ್ಟ ಅಲ್ಲ, ಇಲ್ಲ ಅಂದ್ರೆ ಜೋರಿರೋ ಕಣ್ಣಿಗೆ ಒಂದು ಬ್ಲೈಂಡರ್ ಅಂದ್ರೆ ಪುಟ್ಟ ಪಟ್ಟಿ ಅಡ್ಡ ಇಟ್ಟು ಬಲಗಡೆಯಿಂದಲೇ ಹೊಡಿಸ್ತಾರೆ, ಯಾವುದು ಅಂತ ಕೋಚ್ ಹೇಳ್ಲಿ. ಇದು ಯಾಕೆ ಈಗಲೇ ಬೇಕು ಅಂದ್ರೆ ಮ್ಯಾಚ್ ರೈಫಲ್‌ನ ಹಿಡಿ ಎಡಗೈಗೆ ಬೇರೆ ಬಲಗೈಗೆ ಬೇರೆ ಬರತ್ತೆ, ತಂದ ಮೇಲೆ ಗೊತ್ತಾದ್ರೆ ಕಷ್ಟ. ಜೂನಿಯರ್ ಮಾಡೆಲ್‌ಗಳಲ್ಲಿ ಕೆಲವು ಎರಡೂ ಕೈಗೆ ಆಗೋ ಸ್ಟಾಕ್ (ರೈಫಲ್‌ನ ಹಿಡಿಯೋ, ಕೆನ್ನೆ ಇಡೋ ಭಾಗ) ಇರತ್ತೆ, ಅನುಮಾನ ಇದ್ರೆ ಅದೇ ವಾಸಿ. ಹಾಗೇ ಕನ್ನಡಕದ ನಂಬರ್ ಕೂಡ ಒಂದ್ಸಲ ಚೆಕ್ ಮಾಡ್ಸಿಬಿಡಿ.

ಹೆಜ್ಜೆ 4: ಸ್ಪ್ರಿಂಗ್ ರೈಫಲ್ಲಾ, ಪಿಸಿಪಿನಾ

ಸ್ಪ್ರಿಂಗ್ ರೈಫಲ್ ಅಂದ್ರೆ ಬ್ಯಾರಲ್ ಮಡಚಿ ಲೋಡ್ ಮಾಡೋದು, ಎಕ್ಸಿಬಿಷನ್ ಅಂಗಡೀಲಿ ಇರೋ ಥರದ್ದು. ನಮ್ಮ ದೇಶದಲ್ಲೇ ತಯಾರಾಗೋ ಐಎಚ್‌ಪಿ, ಪ್ರೆಸಿಹೋಲ್ ಥರದವು ಸಾವಿರಗಳ ಲೆಕ್ಕದಲ್ಲಿ ಮುಗಿಯತ್ತೆ. ಗ್ಯಾಸ್ ಬೇಡ ಸಿಲಿಂಡರ್ ಬೇಡ, ಪೆಲ್ಲೆಟ್ ಅಂದ್ರೆ ಪುಟ್ಟ ಸೀಸದ ಗುಂಡು ಇದ್ರೆ ಸಾಕು. ಆದ್ರೆ ಇದರ ಒಳಗೆ ಒಂದು ಭಾರದ ಪಿಸ್ಟನ್ ಮುಂದಕ್ಕೆ ನುಗ್ಗತ್ತೆ, ಪೆಲ್ಲೆಟ್ ಬ್ಯಾರಲ್ ಬಿಡೋ ಮುಂಚೆನೇ ಇಡೀ ರೈಫಲ್ ಒಂದು ಸಲ ಹಿಂದಕ್ಕೆ ಒಂದು ಸಲ ಮುಂದಕ್ಕೆ ಜರ್ಕ್ ಹೊಡಿಯತ್ತೆ. ಹಿಡಿಯೋ ರೀತಿ ಒಂಚೂರು ಬದಲಾದ್ರೂ ಗುರಿ ಬದಲು. ಹಾಗಾಗಿ ಮಗು ಸರಿಯಾಗೇ ಹೊಡೆದ್ರೂ ಟಾರ್ಗೆಟ್ಟಲ್ಲಿ ಚೆಲ್ಲಾಪಿಲ್ಲಿ ಕಾಣತ್ತೆ, ತಪ್ಪು ತನ್ನದಾ ರೈಫಲ್ದಾ ಅಂತ ಅದಕ್ಕೇ ಗೊತ್ತಾಗಲ್ಲ.

ಅದಕ್ಕಿಂತ ಮುಖ್ಯ ಬೆರಳು. ಬ್ಯಾರಲ್ ಮಡಚಿದಾಗ ಸ್ಪ್ರಿಂಗ್ ಪೂರ್ತಿ ಬಿಗಿದಿರತ್ತೆ, ಆಗ ಮಗು ಒಂದು ಕೈಲಿ ಪೆಲ್ಲೆಟ್ ಇಡ್ತಾ ಇರುವಾಗ ಟ್ರಿಗರ್ ತಾಕಿ ಏನಾದ್ರೂ ಸ್ಪ್ರಿಂಗ್ ಬಿಟ್ಟುಕೊಂಡ್ರೆ ಬ್ಯಾರಲ್ ಪಟ್ ಅಂತ ಮೇಲಕ್ಕೆ ಬಂದು ಬೆರಳು ಕತ್ತರಿಸತ್ತೆ. ಅದಕ್ಕೆ ಲೋಡ್ ಮಾಡೋವಾಗ ಎಡಗೈ ಬ್ಯಾರಲ್ ತುದಿ ಬಿಡಬಾರದು, ಬಲಗೈ ಹೆಬ್ಬೆರಳಿಂದ ಪೆಲ್ಲೆಟ್ ಒತ್ತಿ, ಆಮೇಲೆ ಎಡಗೈಯಿಂದಲೇ ಬ್ಯಾರಲ್ ಮುಚ್ಬೇಕು, ಇಷ್ಟೂ ಹೊತ್ತು ಯಾವ ಬೆರಳೂ ಟ್ರಿಗರ್ ಹತ್ರ ಹೋಗಬಾರದು. ಬ್ಯಾರಲ್ ಮಡಚೋಕೆ ಮಗುಗೆ ಶಕ್ತಿ ಸಾಲದೆ ರೈಫಲ್‌ನ ತೊಡೆ ಮೇಲೆ ಒತ್ಕೊಂಡು ಒದ್ದಾಡ್ತಿದ್ರೆ ಆ ರೈಫಲ್ ಆ ಮಗುಗೆ ಅಲ್ಲ. ಅಂಗಡೀಲಿ ನೀವು ಮಡಚಿ ನೋಡ್ಬೇಡಿ, ಮಗು ಕೈಲಿ ಮಡಚಿಸಿ ನೋಡಿ. ಮತ್ತೆ ಸ್ಪ್ರಿಂಗ್ ರೈಫಲ್‌ನ ಪೆಲ್ಲೆಟ್ ಇಲ್ದೆ ಖಾಲಿ ಹೊಡೀಬಾರದು, ಪಿಸ್ಟನ್ ಮುಂದೆ ಹೋಗಿ ಗುದ್ದಿ ಸೀಲ್ ಹಾಳಾಗತ್ತೆ.

ಪಿಸಿಪಿ ಅಂದ್ರೆ ಬ್ಯಾರಲ್ ಕೆಳಗಿರೋ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿರೋದು. ಜರ್ಕ್ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಲೋಡ್ ಮಾಡೋಕೆ ಒಂದು ಲಿವರ್ ಎತ್ತಿದ್ರೆ ಆಯ್ತು, ಟ್ರಿಗರ್ ಒತ್ತೋಕೆ ಬೇಕಾದ ಭಾರನ ನೂರು ಗ್ರಾಂ ಆಸುಪಾಸಿಗೆ ಇಳಿಸ್ಬಹುದು, ಪೆಲ್ಲೆಟ್ ಇಲ್ದೆ ಅಭ್ಯಾಸ ಮಾಡೋಕೆ ಮ್ಯಾಚ್ ರೈಫಲ್‌ಗಳಲ್ಲಿ ಡ್ರೈ ಫೈರ್ ವ್ಯವಸ್ಥೆನೂ ಇರತ್ತೆ. ವಾಲ್ಥರ್, ಫೈನ್‌ವರ್ಕ್‌ಬಾವ್, ಆನ್‌ಶುಟ್ಜ್, ಸ್ಟೈಯರ್, ಪಾರ್ಡಿನಿ ಇವು ರೇಂಜಲ್ಲಿ ಕೇಳೋ ಹೆಸರುಗಳು, ಹೊಸ ಟಾಪ್ ಮಾಡೆಲ್ ಎರಡು ಲಕ್ಷ ದಾಟತ್ತೆ. ಗಾಳಿ ತುಂಬೋಕೆ ಸ್ಕೂಬಾ ಟ್ಯಾಂಕ್ ಬೇಕು ಇಲ್ಲ ಕೈಪಂಪ್ ಬೇಕು, ಕೈಪಂಪ್ ಹೊಡಿಯೋದು ಅಪ್ಪನ ಜಿಮ್ ಅಂತ ತಿಳ್ಕೊಳ್ಳಿ, ಸೈಕಲ್ ಪಂಪ್ ಕೆಲಸಕ್ಕೆ ಬರಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಮಗು ರೇಂಜಲ್ಲಿ ಮೂರು ತಿಂಗಳು ಮುಗಿಸಿ ಇನ್ನೂ ಭಾನುವಾರ ಬೆಳಗ್ಗೆ ತಾನೇ ಎದ್ದು ರೆಡಿ ಆಗ್ತಿದ್ರೆ ಸ್ಪ್ರಿಂಗ್ ರೈಫಲ್ ಮೆಟ್ಟಿಲು ಹತ್ತೋದೇ ಬೇಡ, ಸೀದಾ ಜೂನಿಯರ್ ಪಿಸಿಪಿ, ಅದೂ ಸೆಕೆಂಡ್ ಹ್ಯಾಂಡ್. ಬರೀ ರಜೆಗೆ ಮನೇಲಿ ಖುಷಿಗೆ ಅಂದ್ರೆ ಕಡಿಮೆ ಪವರ್‌ನ ಸ್ಪ್ರಿಂಗ್ ರೈಫಲ್ ಸಾಕು. ಮಧ್ಯದ್ದು, ಅಂದ್ರೆ ಟೆಲಿಸ್ಕೋಪ್ ಗಿಲಿಸ್ಕೋಪ್ ಹಾಕಿ ಕಪ್ಪು ಬಣ್ಣ ಬಳಿದು ಕಮಾಂಡೋ ಥರ ಕಾಣೋ ಮೂವತ್ತು ಸಾವಿರದ್ದು ಬರತ್ತಲ್ಲ, ಅದು ಯಾರಿಗೂ ಬೇಡ.

ಹೆಜ್ಜೆ 5: ಮೈಗೆ ಹೊಂದತ್ತಾ ನೋಡೋದು (ಇದೇ ಎಲ್ಲಕ್ಕಿಂತ ಮುಖ್ಯ)

ಶಾಲೆ ಯೂನಿಫಾರ್ಮ್ ಬೆಳೆಯೋ ಮಗು ಅಂತ ಎರಡು ಸೈಜ್ ದೊಡ್ಡದು ಹೊಲಿಸೋ ಥರ ರೈಫಲ್ ತಗೊಳೋರು ತುಂಬಾ ಜನ. ಹಾಗೆ ಮಾಡ್ಬೇಡಿ. ದೊಡ್ಡ ರೈಫಲ್ ಹಿಡಿಯೋಕೆ ಮಗು ಬೆನ್ನನ್ನ ಹಿಂದಕ್ಕೆ ಬಿಲ್ಲು ಮಾಡತ್ತೆ, ತಲೆ ಪಕ್ಕಕ್ಕೆ ವಾಲಿಸತ್ತೆ, ಆ ಚಟ ಒಂದ್ಸಲ ಅಂಟಿದ್ರೆ ಬಿಡಿಸೋಕೆ ವರ್ಷ ಬೇಕು, ಬೆನ್ನು ನೋವು ಬೇರೆ.

ಮೊದಲು ಉದ್ದ. ಮಗು ಮೊಣಕೈನ ಮಡಚಿ, ಆ ಮಡಿಕೆಗೆ ರೈಫಲ್‌ನ ಹಿಂಬದಿ ಅಂದ್ರೆ ಬಟ್ ತಾಗಿಸಿ. ತೋರು ಬೆರಳಿನ ಮೊದಲ ಗೆಣ್ಣು ಸಲೀಸಾಗಿ ಟ್ರಿಗರ್ ಮುಟ್ಟಬೇಕು. ಬೆರಳು ಎಳೆದು ತಲುಪಿಸ್ತಿದ್ರೆ ಉದ್ದ ಜಾಸ್ತಿ. ಜೂನಿಯರ್ ಮಾಡೆಲ್‌ಗಳಲ್ಲಿ ಬಟ್ ಹಿಂದೆ ಮುಂದೆ ಜರುಗಿಸೋಕೆ ಆಗತ್ತೆ, ಇವತ್ತು ಪೂರ್ತಿ ಒಳಗಿಟ್ಟು ಶುರು ಮಾಡಿ ಮಗು ಬೆಳೆದಂಗೆ ಎಳೆದುಕೊಳ್ಳಬಹುದು. ಬೆಳವಣಿಗೆಗೆ ಜಾಗ ಇರ್ಬೇಕಾದ್ದು ಅಲ್ಲಿ, ಹೊರತು ರೈಫಲ್ ಸೈಜಲ್ಲಲ್ಲ.

ಆಮೇಲೆ ತೂಕ. ಐಎಸ್‌ಎಸ್‌ಎಫ್ ಅಂದ್ರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ ಏರ್ ರೈಫಲ್ 5.5 ಕೆಜಿ ತನಕ ಇರ್ಬಹುದು, ದೊಡ್ಡೋರ ರೈಫಲ್‌ಗಳು ಹೆಚ್ಚೂ ಕಮ್ಮಿ ಅದರ ಹತ್ರಕ್ಕೇ ಬರತ್ತೆ. ಹನ್ನೊಂದು ಹನ್ನೆರಡು ವರ್ಷದ ಮಗುಗೆ ನಾಲ್ಕು ಕೆಜಿ ಒಳಗಿರಲಿ. ತೂಕ ಹೆಚ್ಚಿದ್ರೆ ಅಲ್ಲಾಡಲ್ಲ ಅನ್ನೋದು ನಿಜ, ಆದ್ರೆ ಅದು ಮೂಳೆ ಮೇಲೆ ನಿಲ್ಲಿಸೋಕೆ ಗೊತ್ತಿರೋರಿಗೆ. ಟಾರ್ಗೆಟ್ ಕಡೆ ಪಕ್ಕಕ್ಕೆ ತಿರುಗಿ ನಿಂತು, ಕಾಲು ಭುಜದಷ್ಟು ಅಗಲ ಇಟ್ಟು, ರೈಫಲ್ ಹೊರೋ ಕೈನ ಮೊಣಕೈನ ಸೊಂಟದ ಮೂಳೆ ಮೇಲೆ ಊರಿ ನಿಲ್ಲೋದು, ಆಗ ರೈಫಲ್ ಭಾರ ತೋಳಿನ ಸ್ನಾಯುಗೆ ಬೀಳಲ್ಲ, ಮೂಳೆಯಿಂದ ಸೀದಾ ಕಾಲಿಗೆ ಇಳಿಯತ್ತೆ. ಅಂಗಡೀಲಿ ಹೀಗೆ ನಿಲ್ಲಿಸಿ ಅರ್ಧ ನಿಮಿಷ ಹಿಡಿಸಿ, ನೀವು ಟಾರ್ಗೆಟ್ ನೋಡ್ಬೇಡಿ, ಮಗು ಬೆನ್ನು ಮತ್ತೆ ಮುಂಭಾಗದ ಕೈ ನೋಡಿ. ತೋಳು ನಡುಗೋಕೆ ಶುರುವಾದ್ರೆ, ಸೊಂಟ ಪಕ್ಕಕ್ಕೆ ಎದ್ದು ಬಂದ್ರೆ ಆ ತೂಕ ಆಗಲ್ಲ.

ಕೊನೇದು ಕೆನ್ನೆ. ಇದನ್ನ ಯಾವ ಅಂಗಡಿಯವರೂ ಹೇಳ್ಕೊಡಲ್ಲ. ಮಗು ಕಣ್ಣು ಮುಚ್ಕೊಂಡು ರೈಫಲ್ ಎತ್ತಿ, ತಲೆ ನೆಟ್ಟಗಿಟ್ಟು, ಕೆನ್ನೆನ ಆರಾಮಾಗಿ ಸ್ಟಾಕ್ ಮೇಲೆ ಇಡ್ಲಿ. ಈಗ ಕಣ್ಣು ಬಿಡೋಕೆ ಹೇಳಿ. ಹಿಂದಿನ ಸೈಟ್ (ಗುರಿ ನೋಡೋ ಸಾಧನ) ತೂತಿನ ಒಳಗೆ ಮುಂದಿನ ರಿಂಗ್ ಸರಿಯಾಗಿ ಮಧ್ಯೆ ಕಾಣ್ತಿದ್ಯಾ? ಕಾಣದೆ ಕತ್ತು ಬಗ್ಗಿಸ್ತಾ ಇದ್ರೆ ಅಥವಾ ಉದ್ದ ಮಾಡ್ತಾ ಇದ್ರೆ ಕೆನ್ನೆ ಪಟ್ಟಿ ಎತ್ತರ ಹೊಂದಿಸಬೇಕು. ಹೊಂದಿಸೋಕೆ ಆಗದೇ ಇರೋ ಗಟ್ಟಿ ಮರದ ಸ್ಟಾಕ್ ಆದ್ರೆ ಬೇರೆ ರೈಫಲ್ ನೋಡಿ. ರೈಫಲ್ ತಲೆ ಹತ್ರ ಬರ್ಬೇಕೇ ಹೊರತು ತಲೆ ರೈಫಲ್ ಹತ್ರ ಹೋಗಬಾರದು.

ಮೈಗೆ ಹೊಂದಿದ ಹಳೇ ರೈಫಲ್ ಮೈಗೆ ಹೊಂದದ ಹೊಸ ಟಾಪ್ ಮಾಡೆಲ್‌ನ ಹಿಂದೆ ಹಾಕತ್ತೆ, ಇದನ್ನ ರೇಂಜಲ್ಲಿ ಪ್ರತಿ ವಾರ ನೋಡ್ಬಹುದು.

ಹೆಜ್ಜೆ 6: ಸೈಟ್ ಮತ್ತೆ ಪೆಲ್ಲೆಟ್

ಸ್ಕೋಪ್ ಬೇಡ. 10 ಮೀಟರ್ ಸ್ಪರ್ಧೇಲಿ ದೊಡ್ಡದು ಮಾಡಿ ತೋರಿಸೋ ಟೆಲಿಸ್ಕೋಪ್ ಸೈಟ್ ಬಿಡೋದೇ ಇಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಟನಲ್ ಅಂದ್ರೆ ಪುಟ್ಟ ಕೊಳವೆ ಒಳಗೆ ರಿಂಗ್, ಆ ರಿಂಗ್ ಮಧ್ಯೆ ಟಾರ್ಗೆಟ್ಟಿನ ಕಪ್ಪು ಉಂಡೆ, ಅಷ್ಟೇ. ಮುಂದಿನ ರಿಂಗ್ ತೀರಾ ಚಿಕ್ಕದು ಹಾಕ್ಬೇಡಿ, ಕಪ್ಪು ಉಂಡೆ ಸುತ್ತ ಬಿಳಿ ಚೆನ್ನಾಗಿ ಕಾಣ್ಬೇಕು, ಇಲ್ಲ ಅಂದ್ರೆ ಮಗು ಮಧ್ಯ ಸಿಗ್ತಾ ಇಲ್ಲ ಅಂತ ಹಿಡ್ಕೊಂಡೇ ಇರತ್ತೆ, ಹಿಡಿದಷ್ಟೂ ಅಲ್ಲಾಟ ಜಾಸ್ತಿ.

ಪೆಲ್ಲೆಟ್ ತಲೆ ಚಪ್ಪಟೆ ಇರೋದೇ ತಗೊಳ್ಳಿ, ಕಾಗದದಲ್ಲಿ ಪಂಚಿಂಗ್ ಮಷೀನ್ ಹೊಡೆದಂಗೆ ದುಂಡಗೆ ತೂತು ಬೀಳತ್ತೆ, ಸ್ಕೋರ್ ಓದೋಕೆ ಸುಲಭ. ಚೂಪು ತಲೇದು ಕಾಗದ ಹರಿಯತ್ತೆ. ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಮ್ಯಾಚ್ ಪೆಲ್ಲೆಟ್‌ಗಳು ಸುಮಾರು ಅರ್ಧ ಗ್ರಾಂ ತೂಕ ಇರತ್ತೆ, ತಲೆ ಅಳತೆ 4.49, 4.50 ಅಂತ ಡಬ್ಬಿ ಮೇಲೇ ಬರೆದಿರತ್ತೆ, ಒಂದೊಂದು ಬ್ಯಾರಲ್‌ಗೆ ಒಂದೊಂದು ಹೊಂದತ್ತೆ. ರೈಫಲ್‌ನ ರೆಸ್ಟ್ ಮೇಲೆ ಇಟ್ಟು ಎರಡು ಮೂರು ಥರದ್ದು ಐದೈದು ಹೊಡೆದು ಯಾವುದು ಒಂದೇ ತೂತಲ್ಲಿ ಸೇರತ್ತೆ ನೋಡ್ಕೊಳ್ಳಿ. ಸ್ಟೀಲ್ ಗುಂಡು ಮಾತ್ರ ಬೇಡ, ಗಟ್ಟಿ ಜಾಗಕ್ಕೆ ಬಿದ್ರೆ ವಾಪಸ್ ಮುಖಕ್ಕೇ ಬರತ್ತೆ.

ಪೆಲ್ಲೆಟ್ ಸೀಸದ್ದು. ಹೊಡೆದಾದ ಮೇಲೆ ಸೋಪಲ್ಲಿ ಕೈ ತೊಳೀದೆ ತಿಂಡಿ ಮುಟ್ಟಬಾರದು, ಪೆಲ್ಲೆಟ್‌ನ ಬಾಯಲ್ಲಿ ಹಿಡ್ಕೊಳೋ ಅಭ್ಯಾಸ ಕೆಲವು ಮಕ್ಕಳಿಗಿರತ್ತೆ, ಆವತ್ತೇ ಬಿಡಿಸಿ.

ಹೆಜ್ಜೆ 7: ಸೆಕೆಂಡ್ ಹ್ಯಾಂಡ್ ನೋಡೋದು

ಮಕ್ಕಳು ಬೆಳೀತಾರೆ, ಹತ್ತನೇ ಕ್ಲಾಸ್ ಬರತ್ತೆ, ಪಿಯುಸಿ ಬರತ್ತೆ, ಟ್ಯೂಷನ್ ಬರತ್ತೆ, ಅಲ್ಲಿಗೆ ಎಷ್ಟೋ ಜೂನಿಯರ್ ರೈಫಲ್‌ಗಳು ಮಾರಾಟಕ್ಕೆ ಬರತ್ತೆ. ಕ್ಲಬ್‌ನಲ್ಲಿ ಕೇಳಿಟ್ಟಿರಿ. ನೋಡೋಕೆ ಹೋದಾಗ ಮೊದಲು ಸಿಲಿಂಡರ್ ಮೇಲೆ ಕೊರೆದಿರೋ ತಿಂಗಳು ವರ್ಷ ಓದಿ, ಸಾಮಾನ್ಯವಾಗಿ ಹತ್ತು ವರ್ಷ ಅದರ ಆಯಸ್ಸು, ಅವಧಿ ಮುಗಿದ ಸಿಲಿಂಡರ್ ಮ್ಯಾಚಿಗೆ ತಂದ್ರೆ ಎಕ್ವಿಪ್‌ಮೆಂಟ್ ಕಂಟ್ರೋಲ್ ಅಂದ್ರೆ ಸಾಮಾನು ತಪಾಸಣೇಲಿ ತಕರಾರು ಬರತ್ತೆ, ಅದಕ್ಕಿಂತ ಹೆಚ್ಚಾಗಿ 200 ಬಾರ್ ಒತ್ತಡದ ವಸ್ತು ಮಗು ಮುಖದ ಪಕ್ಕ ಇರತ್ತೆ. ಹೊಸ ಸಿಲಿಂಡರ್ ಬೆಲೆ ವಿಚಾರಿಸಿ ಅಷ್ಟನ್ನ ಚೌಕಾಸಿಯಲ್ಲಿ ಕಳೀರಿ. ಎರಡನೇದು, ಗಾಳಿ ತುಂಬಿ ಮೀಟರ್‌ನ ಫೋಟೋ ತೆಗೆದು ರಾತ್ರಿ ಬಿಟ್ಟು ಬೆಳಗ್ಗೆ ನೋಡಿ, ಮುಳ್ಳು ಇಳಿದಿದ್ರೆ ಸೀಲ್ ಸೋರ್ತಿದೆ. ಮೂರನೇದು ಬಿಲ್, ಬಿಲ್ಲಲ್ಲೂ ರೈಫಲ್ ಮೇಲೂ ಸೀರಿಯಲ್ ನಂಬರ್ ಒಂದೇ ಇರ್ಬೇಕು, ಮಾರೋರ ಕೈಲಿ ದಿನಾಂಕ ಹಾಕಿ ಸಹಿ ಇರೋ ಒಂದು ಪತ್ರ ಬರೆಸ್ಕೊಳ್ಳಿ.

ಶೂಟಿಂಗ್ ಜಾಕೆಟ್ ಪ್ಯಾಂಟ್ ಮೊದಲನೇ ವರ್ಷ ಹೊಸದು ಹೊಲಿಸ್ಬೇಡಿ, ಅದು ಗಟ್ಟಿ ಕ್ಯಾನ್ವಾಸ್, ಮೈಗೆ ಬಿಗಿಯಾಗಿ ಕೂರ್ಬೇಕು, ಮಗು ಆರು ತಿಂಗಳಲ್ಲಿ ಅದನ್ನ ಮೀರಿ ಬೆಳೆದಿರತ್ತೆ. ಶೂ, ಗ್ಲೌಸ್ ಸಾಕು.

ಹೆಜ್ಜೆ 8: ಮನೆಗೆ ತಂದ ಮೇಲೆ

ರೈಫಲ್ ಕೈಗೆ ಕೊಡೋ ದಿನವೇ ನಿಯಮ ಹೇಳಿ, ನಾಳೆ ಅನ್ಬೇಡಿ. ಖಾಲಿ ಅಂತ ಗೊತ್ತಿದ್ರೂ ಲೋಡ್ ಆಗಿದೆ ಅಂದ್ಕೊಂಡೇ ಹಿಡೀಬೇಕು. ನಳಿಗೆ ಯಾರ ಕಡೆಗೂ, ಬೆಕ್ಕು ನಾಯಿ ಕಡೆಗೂ ತಿರುಗಬಾರದು, ತಮಾಷೆಗೂ. ಹೊಡಿಯೋ ಕ್ಷಣದ ತನಕ ಬೆರಳು ಟ್ರಿಗರ್ ಹೊರಗೆ. ಟಾರ್ಗೆಟ್ ಹಿಂದೆ ಏನಿದೆ ಅಂತ ಗೊತ್ತಿಲ್ದೆ ಹೊಡೀಬಾರದು. ಹೊಡಿಯದೇ ಇರುವಾಗ ಬ್ಯಾರಲ್ ಒಳಗೆ ಕಿತ್ತಳೆ ಬಣ್ಣದ ಸೇಫ್ಟಿ ದಾರ ಹಾಕಿರ್ಬೇಕು, ದೂರದಿಂದ ನೋಡಿದ್ರೂ ಖಾಲಿ ಅಂತ ಗೊತ್ತಾಗ್ಲಿ, ಐಎಸ್‌ಎಸ್‌ಎಫ್ ರೇಂಜಲ್ಲೂ ಇದು ಕಡ್ಡಾಯ. ಕಣ್ಣಿಗೆ ಸೇಫ್ಟಿ ಗ್ಲಾಸ್ ಹಾಕಿಸಿ. ಏರ್ ರೈಫಲ್ ತಾನೇ ಅಂತ ಹಗುರ ಮಾಡ್ಬೇಡಿ, ಒಂದು ಪೆಲ್ಲೆಟ್ ಸಾಕು ಕಣ್ಣು ಹೋಗೋಕೆ.

ಇದರಲ್ಲಿ ಒಂದು ಮುರಿದ್ರೂ ಒಂದು ವಾರ ರೈಫಲ್ ಬೀರು ಒಳಗೆ, ಚರ್ಚೆ ಇಲ್ಲ. ಅಜ್ಜಿ ತಾತ ಬಂದು "ಹೋಗ್ಲಿ ಬಿಡೋ, ಮಗು" ಅಂತ ರಾಜಿ ಮಾಡಿಸೋಕೆ ನೋಡ್ತಾರೆ, ಅವರಿಗೂ ಮುಂಚೇನೇ ಹೇಳಿಟ್ಟಿರಿ.

ಬೀಗ ಹಾಕೋ ಕೇಸ್, ಆ ಬೀಗದ ಕೈ ನಿಮ್ಮ ಹತ್ರ, ಪೆಲ್ಲೆಟ್ ಬೇರೆ ಕಡೆ. ಸ್ಪ್ರಿಂಗ್ ರೈಫಲ್ ಆದ್ರೆ ಮಡಚಿ ಬಿಗಿದ ಸ್ಥಿತೀಲಿ ಇಡಬಾರದು. ಅಟ್ಟದ ಮೇಲೆ ಹಾಕ್ಬೇಡಿ, ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯತ್ತೆ. ಹೊರಗಡೆಗೆ ಒಂದು ತೊಟ್ಟು ಎಣ್ಣೆ ಬಟ್ಟೇಲಿ ಒರೆಸಿದ್ರೆ ಸಾಕು, ಒಳಗೆ ಎಣ್ಣೆ ಬಿಡೋದು ಬೇಡ, ಸ್ಪ್ರಿಂಗ್ ರೈಫಲ್‌ನ ಚೇಂಬರ್‌ಗೆ ಎಣ್ಣೆ ಹೋದ್ರೆ ಒತ್ತಡಕ್ಕೆ ಅದು ಹೊತ್ತಿಕೊಂಡು ಸಿಡಿಯತ್ತೆ. ಆಯುಧ ಪೂಜೆ ದಿನ ಪೂಜೆಗೆ ಇಡ್ಬೇಕು ಅಂತ ಮನೇಲಿ ಹೇಳೇ ಹೇಳ್ತಾರೆ, ಇಡಿ, ಅರಿಶಿನ ಕುಂಕುಮನ ಕೇಸ್ ಮೇಲೆ ಹಚ್ಚಿ, ಬ್ಯಾರಲ್ ಬಾಯಿಗೆ ಗಂಧ ಮೆತ್ತಿ ಆಮೇಲೆ ಗುರಿ ತಪ್ತಾ ಇದೆ ಅಂತ ಕೋಚ್ ಹತ್ರ ಬರ್ಬೇಡಿ.

ಮನೇಲಿ ಅಭ್ಯಾಸಕ್ಕೆ ಹತ್ತು ಮೀಟರ್ ಉದ್ದ ಸಿಕ್ಕೋದು ಕಷ್ಟ, ಹಳ್ಳಿ ಮನೆ ಹಜಾರ ಅಥವಾ ಉದ್ದದ ಕಾರ್ ಶೆಡ್ ಆದ್ರೆ ಸಿಗತ್ತೆ. ಟಾರ್ಗೆಟ್ ಮಧ್ಯ ನೆಲದಿಂದ 1.40 ಮೀಟರ್ ಎತ್ತರದಲ್ಲಿರಲಿ, ಹಿಂದೆ ಪೆಲ್ಲೆಟ್ ಹಿಡಿಯೋ ಕಬ್ಬಿಣದ ಟ್ರ್ಯಾಪ್, ಅದರ ಹಿಂದೆ ಗಟ್ಟಿ ಗೋಡೆ. ಟಾರ್ಗೆಟ್ ಕಡೆ ಬಾಗಿಲಿದ್ರೆ ಒಳಗಿಂದ ಚಿಲಕ ಹಾಕ್ಬೇಕು. ಟೆರೇಸ್ ಮೇಲೆ ಪಕ್ಕದ ಮನೆ ಕಡೆಗೆ ಬೇಡ, ತೆಂಗಿನ ಮರಕ್ಕೆ ಟಾರ್ಗೆಟ್ ಕಟ್ಟಿ ಹೊಡಿಯೋದೂ ಬೇಡ, ದುಂಡಗಿನ ಮರಕ್ಕೆ ತಾಗಿದ ಪೆಲ್ಲೆಟ್ ಯಾವ ಕಡೆ ಹಾರತ್ತೆ ಅಂತ ಹೇಳೋಕಾಗಲ್ಲ. ದೊಡ್ಡೋರು ಪಕ್ಕದಲ್ಲಿ ಇಲ್ದೆ ಇದ್ರೆ ಕೇಸ್ ತೆಗೆಯೋದೇ ಇಲ್ಲ.

ರೇಂಜಿಗೆ ತಗೊಂಡು ಹೋಗುವಾಗ ಖಾಲಿ ಮಾಡಿ ಕೇಸಲ್ಲೇ ಇಟ್ಟು ಬಿಲ್ ಜೆರಾಕ್ಸ್, ಕ್ಲಬ್ ಐಡಿ ಜೊತೇಲಿರಲಿ, ದಸರಾ ಟೈಮಲ್ಲಿ ಎಲೆಕ್ಷನ್ ಟೈಮಲ್ಲಿ ಚೆಕಿಂಗ್ ಇರತ್ತೆ. ಸ್ಕೂಟರ್ ಹಿಂದೆ ಮಗು ಕೈಲಿ ಬಿಚ್ಚಿದ ರೈಫಲ್ ಕೊಟ್ಟು ಹೋಗೋದು, ಅದರ ಜೊತೆ ರೀಲ್ಸ್ ಮಾಡೋದು, ಎರಡೂ ಬೇಡ.

ಮೊದಲ ತಿಂಗಳು ಟಾರ್ಗೆಟ್ ಕಾಗದನ ಉಲ್ಟಾ ಹಾಕಿ ಬರೀ ಬಿಳಿ ಕಡೆಗೆ ಹೊಡೆಸಿ. ಸ್ಕೋರ್ ಇರಲ್ಲ, ಹತ್ತು ಬಂತಾ ಎಂಟು ಬಂತಾ ಅನ್ನೋ ತಲೆನೋವಿರಲ್ಲ, ತೂತುಗಳು ಒಂದು ಕಡೆ ಸೇರ್ತಾ ಇದ್ಯಾ ಅಂತ ಮಾತ್ರ ನೋಡೋದು. ಐದು ರೂಪಾಯಿ ನಾಣ್ಯದ ಕೆಳಗೆ ಐದು ತೂತೂ ಮುಚ್ಚೋ ಹಾಗಾದ ದಿನ ಕಾಗದ ಸರಿಯಾಗಿ ತಿರುಗಿಸಿ, ಹಿಂದಿನ ಸೈಟ್‌ನ ತಿರುಪನ್ನ ಒಂದೊಂದೇ ಕ್ಲಿಕ್ ತಿರುಗಿಸಿ ಆ ಗುಂಪನ್ನ ಮಧ್ಯಕ್ಕೆ ತನ್ನಿ.